ಕಡೆಯ ಸ್ಟಾಪಿನ ಕೆರೆ

ಈ ಸಲವೂ ಕೆರೆ ಖಾಲಿ.

ಹುಡುಗಿ ದುರ್ಬೀನನ್ನು ಕಣ್ಣಿಂದ ಇಳಿಸಿ, ಗಾಜನ್ನು ತೋಳಿಗೆ ಒರೆಸಿ, ಮತ್ತೆ ಏರಿಸಿದಳು. ನೀರಿದೆ. ನೀರಿನ ನಡುವೆ ಸುಣ್ಣ ಬಳಿದಂತೆ ಬೆಳ್ಳಗಾದ ಮರಗಳಿವೆ. ದಡದಲ್ಲಿ ನಾಲ್ಕಾರು ಪುಕ್ಕ ತೇಲುತ್ತಿವೆ. ಹಕ್ಕಿ ಮಾತ್ರ ಇಲ್ಲ. ದೋಷ ಕೆರೆಯದೋ, ತನ್ನ ಕಣ್ಣಿನದೋ? ಕಣ್ಣಿನದೇ ಇರಬೇಕು ಎಂಬ ಅನುಮಾನ ಅವಳನ್ನು ಒಳಗೇ ಕೊರೆಯುತ್ತಿತ್ತು.

ಕಾಲೇಜಿಗೆ ಹೊಸಬಳು. ಊರೂ ಹೊಸದು. ಬಂದ ವಾರವೇ ಬಸ್ ನಿಲ್ದಾಣದಲ್ಲಿ ನಿಂತು, "ನೀರು, ಮರ ಇರೋ ಕಡೆ ಯಾವ ಬಸ್ ಹೋಗುತ್ತೆ?" ಎಂದು ಕೇಳಿ ನಗೆಪಾಟಲಾಗಿದ್ದಳು. ಸಿಕ್ಕಿದ ಬಸ್ಸು ಹತ್ತುವುದು, ಕಡೆಯ ಸ್ಟಾಪಿನಲ್ಲಿ ಇಳಿಯುವುದು, ಅಲೆದು ವಾಪಸಾಗುವುದು. ಒಮ್ಮೆ ಇಟ್ಟಿಗೆ ಗೂಡು ಸಿಕ್ಕಿತ್ತು, ಒಮ್ಮೆ ಸ್ಮಶಾನ. ಕಾಲೇಜಿನ ಹಕ್ಕಿಗಳ ಮೇಷ್ಟ್ರು ಅವಳನ್ನು ಕರೆದು, ಕೆರೆ ಕೆರೆಯ ಹಕ್ಕಿ ಎಣಿಸುವ ತಮ್ಮ ತಂಡಕ್ಕೆ ಸೇರಿಸಿಕೊಂಡದ್ದು ಈ ಹುಚ್ಚನ್ನು ಕಂಡೇ. ಬೈಕು, ಕ್ಯಾಮೆರಾ ಇದ್ದ ಹಿರಿಯ ವಿದ್ಯಾರ್ಥಿಗಳನ್ನೆಲ್ಲ ಬಿಟ್ಟು ಈ ಕೆರೆಯನ್ನು ಅವಳೊಬ್ಬಳಿಗೇ ವಹಿಸಿದ್ದರು. ಎಂಥ ಭಾಗ್ಯ!

"ಬಸ್ಸಲ್ಲೇ ಹೋಗಮ್ಮ. ಬೈಕಿನ ಸದ್ದಿಗೆ ಹಕ್ಕಿ ಬೆದರ್ತಾವೆ. ಕತ್ತಲಾಗೋ ಮುಂಚೆ ಹಾಸ್ಟೆಲ್ ಸೇರ್ಕೋಬೇಕು. ಹೆಣ್ಣುಮಗು ನೀನು, ನನ್ನ ಜವಾಬ್ದಾರಿ" ಎಂದಿದ್ದರು. ಹೆತ್ತ ತಂದೆಯ ಮಾತಿನಂತಿತ್ತು.

ಅಂದಿನಿಂದ ರಜೆ ಬಂತೆಂದರೆ ಮೊದಲ ಬಸ್ಸಿಗೆ ಕೆರೆಗೆ, ಮಧ್ಯಾಹ್ನದ ಕಡೆಯ ಬಸ್ಸಿಗೆ ಹಾಸ್ಟೆಲಿಗೆ.

"ಏನಮ್ಮ, ಇವತ್ತಾದ್ರೂ ದರ್ಶನ ಕೊಟ್ವಾ?" ಕಂಡಕ್ಟರ್ ಕೇಳಿದ.

"ಇಲ್ಲಣ್ಣ."

"ನಮ್ಮ ಬಸ್ಸನ್ನ ನಂಬ್ಕೊಂಡ್ರೆ ಅಷ್ಟೇ. ಮದುವೆಗೆ ಹೊರಟ್ರೂ ಹೋಗಿ ಇಳಿಯೋ ಹೊತ್ತಿಗೆ ಪಾತ್ರೆ ತೊಳೀತಿರ್ತಾರೆ."

ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು.

ಪುಕ್ಕಗಳ ವಿಷಯವನ್ನು ಮೇಷ್ಟ್ರಿಗೆ ಹೇಳಿದಾಗ ಅವರು ತಲೆಯಾಡಿಸಿದರು. "ಪುಕ್ಕ ಗಾಳಿಗೆ ಎಲ್ಲಿಂದಲೋ ಬರುತ್ತೆ. ಕಣ್ಣಾರೆ ಕಂಡದ್ದಷ್ಟೇ ನಮ್ಮಲ್ಲಿ ಲೆಕ್ಕ. ಅಧಿಕಾರಿಗಳು ಕೆರೆ ನೋಡೋಕೆ ಬರ್ತಿದ್ದಾರೆ. ನಿನ್ನನ್ನೇ ಕೇಳ್ತಾರೆ. ನೆನಪಿರಲಿ."

ಅವಳು ದಿನ ಎಣಿಸತೊಡಗಿದಳು. ಇಡೀ ತಂಡದೆದುರು ತನ್ನ ಕುರುಡುತನ ಬಯಲಾಗುವ ದಿನ ಅದು.

ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದ ಹಿರಿಯ ವಿದ್ಯಾರ್ಥಿನಿ ಮಂಚದಿಂದಲೇ ಸ್ವಾಗತಿಸಿದಳು. "ಬಾರೇ ಖಾಲಿ ಕೆರೆ! ಬೆಳ್ಳಕ್ಕಿ ಕಂಡೆ ಅಂತ ಹೇಳ್ಬಿಡು. ಹಕ್ಕಿ ಏನು ಎದ್ದು ಬಂದು ಇಲ್ಲ ಅನ್ನುತ್ತಾ?"

"ಸುಳ್ಳಲ್ವಾ ಅಕ್ಕ?"

"ತಂಡದಿಂದ ಹೊರಗೆ ಬೀಳೋದಕ್ಕಿಂತ ವಾಸಿ ಕಣೇ."

ಆ ರಾತ್ರಿ ಹುಡುಗಿಗೆ ನಿದ್ದೆ ಹತ್ತಲಿಲ್ಲ. ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ಹೇಳಿಸುತ್ತಿದ್ದ ಪದ್ಯಗಳಲ್ಲಿ ನಿಜ ನುಡಿದವರು ಎಷ್ಟು ನೊಂದರೂ ಕೊನೆಗೆ ಗೆಲ್ಲುತ್ತಿದ್ದರು. ಒಂದು ಪದ್ಯದಲ್ಲೂ ಅವರು ಸೋತದ್ದು ಅವಳಿಗೆ ನೆನಪಿರಲಿಲ್ಲ.

ಆ ದಿನ ಬಂತು. ಕೆರೆಯ ಏರಿಯ ಮೇಲೆ ಕುರ್ಚಿ ಹಾಕಿದ್ದರು. ಅಧಿಕಾರಿಗಳು ಬಂದದ್ದೇ ತಡವಾಗಿ. ಮಾತಿನ ನಡುವೆ ಕಡೆಯ ಬಸ್ಸು ಹಾರ್ನ್ ಹೊಡೆದು ಹೊರಟೇ ಹೋಯಿತು. "ಹೋಗ್ಲಿ ಬಿಡು, ನನ್ನ ಕಾರಲ್ಲಿ ಬರುವೆಯಂತೆ" ಎಂದರು ಮೇಷ್ಟ್ರು ಮೆಲ್ಲಗೆ.

ಹಿರಿಯ ಅಧಿಕಾರಿ ಅವಳತ್ತ ತಿರುಗಿದ. "ಇಲ್ಲಿ ಹಕ್ಕಿ ತುಂಬಿ ತುಳುಕ್ತಾವೆ ಅಂತ ದೂರು ಬಂದಿದೆ. ನೀನು ತಿಂಗಳುಗಟ್ಟಲೆ ಬಂದಿದ್ದೀಯಂತೆ. ಏನು ಕಂಡೆ?"

ಎಲ್ಲರಿಗೂ ಕಂಡದ್ದು ತನಗೊಬ್ಬಳಿಗೇ ಕಾಣಲಿಲ್ಲವೇ? ಬೆಳ್ಳಕ್ಕಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಅವಳು ಉಗುಳು ನುಂಗಿದಳು. ಅದರ ಜೊತೆಗೆ ಬೆಳ್ಳಕ್ಕಿಯೂ ಇಳಿಯಿತು.

"ಏನೂ ಕಾಣಲಿಲ್ಲ ಸರ್."

"ಒಂದೂ?"

"ಒಂದೂ ಇಲ್ಲ."

ಈಗ ಬೈಗುಳ ಬರುತ್ತದೆಂದು ಕಣ್ಣುಮುಚ್ಚಿದಳು. ಬಂದದ್ದು ತಲೆಯ ಮೇಲೊಂದು ಮೃದುವಾದ ಕೈ.

"ಚಿನ್ನದಂಥ ಹುಡುಗಿ" ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವಂತೆ. "ಸುಳ್ಳು ಹೇಳೋಕೇ ಬರಲ್ಲ ಇವಳಿಗೆ."

ಎದೆಯ ಮೇಲಿನ ಕಲ್ಲು ಇಳಿಯಿತು. ಅಜ್ಜಿಯ ಪದ್ಯಗಳು ಹುಸಿಯಲ್ಲ.

"ಹಾಗಾದ್ರೆ ಕೆರೆ ಮುಚ್ಚೋಕೆ ಅಡ್ಡಿ ಇಲ್ಲ" ಎಂದು ಅಧಿಕಾರಿ ಎದ್ದ. "ನಾಳೆಯಿಂದಲೇ ಮಣ್ಣು ಹೊಡೆಸಿ. ಮನೆ ಕಟ್ಟೋರು ಕಾಯ್ತಿದ್ದಾರೆ."

ಅವಳು ಬೆಚ್ಚಿದಳು. ಮರುಕ್ಷಣವೇ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಕ್ಕಿಯಿಲ್ಲದ ಕೆರೆ. ಯಾರಿಗೇನು ನಷ್ಟ?

ಅಧಿಕಾರಿಗಳ ಗಾಡಿಗಳು ಧೂಳೆಬ್ಬಿಸಿ ತಿರುವಿನಲ್ಲಿ ಮರೆಯಾದವು. ಹೊತ್ತು ಇಳಿಯಿತು. ಆಗ ಆಕಾಶದ ಅಂಚಿನಲ್ಲಿ ಒಂದು ಗೆರೆ ಮೂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆ! ದಿಕ್ಕುದಿಕ್ಕಿನ ಗದ್ದೆಗಳಿಂದ ಮೇವು ಮುಗಿಸಿ ಬಂದು, ಸಾಲುಸಾಲಾಗಿ ಇಳಿದು, ಮರಗಳ ಕೊಂಬೆ ಕೊಂಬೆಯನ್ನೂ ಮುಚ್ಚಿಬಿಟ್ಟವು. ಕೂಗಿಗೆ ಕಿವಿ ಗಡಚಿಕ್ಕಿತು.

"ಸರ್! ನೋಡಿ ಸರ್!" ಹುಡುಗಿ ಏರಿಯುದ್ದಕ್ಕೂ ಓಡಿದಳು. "ಇಲ್ಲೇ ಇವೆ! ಅವರನ್ನ ನಿಲ್ಲಿಸಿ ಸರ್!"

ಮೇಷ್ಟ್ರು ಕತ್ತೆತ್ತಲಿಲ್ಲ. ಇಂಜಿನ್ ಚಾಲೂ ಮಾಡಿ, ಪಕ್ಕದ ಬಾಗಿಲು ತೆರೆದರು.

"ಬೇಗ ಹತ್ತಮ್ಮ. ದಿನಾ ಇದೇ ಹೊತ್ತಿಗೆ ಬರ್ತಾವೆ, ಕಾರೆಲ್ಲ ಗಲೀಜು ಮಾಡಿಬಿಡ್ತಾವೆ."