ಪೇಟಿಗೆ ಗಾಳಿ ಹಾಕಿದವನು

ನಾನು ಕಟ್ಟಿದ ಒಂದು ಟ್ಯೂನ್ ಕೇಳುತ್ತ, ಹುಬ್ಬಳ್ಳಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ಗದಗಿನಲ್ಲಿ ಎರಡು ತಾಸು ನಿಂತಿತ್ತು...

ಡ್ರೈವರ್ ಅತ್ತ. ಗಾರ್ಡ್ ಅತ್ತ. ಇಂಜಿನ್ ಕೂಡ ಕಣ್ಣೀರು ಹಾಕಿತು, ಕಂಡವರಿದ್ದಾರೆ.

ಈ ಮಾತನ್ನು ನಲವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಒಮ್ಮೆಯೂ ನಾಲಿಗೆ ತಡವರಿಸಿಲ್ಲ.

ಆ ಟ್ಯೂನ್ ನಮ್ಮ ನಾಟಕ ಕಂಪನಿಯದು. ಗಂಡನ ಹೆಣದ ಮುಂದೆ ಕೂತು ರಾಣಿ ಹಾಡುವ ಹಾಡು.

ಪೋಸ್ಟರಿನಲ್ಲಿ ಸಂಗೀತ ಎಂದು ಗುರುಶಾಂತ ಮಾಸ್ತರರ ಹೆಸರಿತ್ತು. ಕಂಪನಿಯ ಅಷ್ಟೂ ನಾಟಕಗಳಿಗೆ ಸಂಗೀತ ಕೊಟ್ಟವರು ಅವರೇ.

ಮಾಸ್ತರರು ತೀರಿಹೋಗಿ ಹನ್ನೊಂದು ವರ್ಷವಾಯಿತು. ಹೋದ ವರ್ಷ ಅವರ ಜೀವನದ ಮೇಲೆ ಸಿನಿಮಾ ಮಾಡುತ್ತೇವೆಂದು ಡೈರೆಕ್ಟರ್ ಒಬ್ಬರು ನನ್ನ ಮನೆಗೆ ಬಂದರು. ಸಿನಿಮಾ ತುಂಬ ಹಾಡುಗಳೇ ಅಂತೆ.

ರಾಣಿಯ ಹಾಡು ಹುಟ್ಟಿದ್ದು ಹೇಗೆ ಎಂದು ಕೇಳಿದರು.

ನಾನು ರೈಲಿನ ಕಥೆ ಹೇಳಿದೆ. ಮಾಸ್ತರರು ಟ್ಯೂನ್ ಹೊಳೆಯದೆ ತಲೆ ಹಿಡಿದು ಕೂತಿದ್ದಾಗ ನಾನೇ ಅರ್ಧ ನಿಮಿಷದಲ್ಲಿ ಕಟ್ಟಿಕೊಟ್ಟೆ ಎಂದೂ ಸೇರಿಸಿದೆ. ನಕ್ಕು ಬಿಡುತ್ತಾರೆ ಅಂದುಕೊಂಡಿದ್ದೆ...

ಅವರು ಬರೆದುಕೊಂಡರು.

ಸಿನಿಮಾ ನಮ್ಮೂರ ಟಾಕೀಸಿಗೆ ಬಂದ ದಿನ ನನ್ನನ್ನು ನಟ್ಟನಡುವಿನ ಸೀಟಿನಲ್ಲಿ ಕೂರಿಸಿದರು. ಸುತ್ತ ಹತ್ತು ಸಾವಿರ ಜನ.

ಎಡಕ್ಕೆ ಡೈರೆಕ್ಟರ್. ಬಲಕ್ಕೆ ಮಾಸ್ತರರ ಹೆಂಡತಿ ಇಂದ್ರಾಬಾಯಿ. ಈಗ ಎಪ್ಪತ್ತೆಂಟು ವರ್ಷ, ಒಂದು ಕಾಲಕ್ಕೆ ಕಂಪನಿಯ ರಾಣಿ ಪಾತ್ರಗಳೆಲ್ಲ ಅವರವೇ.

ತೆರೆಯ ಮೇಲೆ ನನ್ನ ಪಾತ್ರ ಬಂತು... ನನಗಿಂತ ಒಂದಡಿ ಎತ್ತರದ ಚೆಲುವ. ಅವನು ಹಾರ್ಮೋನಿಯಂ ಮುಂದೆ ಕೂತು ಟ್ಯೂನ್ ಕಟ್ಟಿದ. ಜನ ಸಿಳ್ಳೆ ಹೊಡೆದರು.

ಅದೇ ಸಿನಿಮಾದಲ್ಲಿ ಇಂದ್ರಾಬಾಯಿ ಚಹಾ ತರುತ್ತಾರೆ. ನಾಲ್ಕು ಸಲ. ಅಷ್ಟೇ.

ನೀರು ಕುಡಿಯುವ ನೆವ ಮಾಡಿ ಏಳಲು ನೋಡಿದೆ. ಡೈರೆಕ್ಟರ್ ಮೊಣಕೈ ಹಿಡಿದು ಕೂರಿಸಿದರು. ತಾವು ಮೊದಲು ಹೋಗಿದ್ದು ಇಂದ್ರಾಬಾಯಿಯವರ ಹತ್ತಿರವೇ ಎಂದು ನನ್ನ ಕಿವಿಯಲ್ಲಿ ಹೇಳಿದರು.

"ಅಮ್ಮ ಏನೂ ಹೇಳಲಿಲ್ಲ, ಫಕೀರಪ್ಪ ಸರ್. 'ಫಕೀರಪ್ಪನ್ನ ಕೇಳ್ರಿ, ಅಂವಾ ಅಲ್ಲೇ ಇದ್ದ, ಅಂವಾ ಹೇಳ್ತಾನ' ಅಂದರು."

ನನ್ನ ಬೆವರು ಹೊಳೆಯಾಗಿ ಟಾಕೀಸಿನ ಮೆಟ್ಟಿಲಿಳಿದು ರಸ್ತೆ ಸೇರಿತು.

ಹೌದು... ನಾನು ಅಲ್ಲೇ ಇದ್ದೆ.

ಸಿನಿಮಾ ಮುಗಿದು ಲೈಟು ಬಂತು. ಸನ್ಮಾನ ಎಂದು ವೇದಿಕೆ ಹತ್ತಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ.

ಅಲ್ಲಿ ಮಾಸ್ತರರ ಹಳೆಯ ಪೇಟಿ ಇಟ್ಟಿದ್ದರು... ಕುರ್ಚಿ ಮೇಲೆ ಕೂತು, ಕಾಲಿನಿಂದ ತುಳಿದು ಗಾಳಿ ತುಂಬಿಸಿ ನುಡಿಸುವ ದೊಡ್ಡ ಹಾರ್ಮೋನಿಯಂ.

ಆ ಟ್ಯೂನ್ ಅನ್ನು ಕಟ್ಟಿದವರ ಕೈಯಿಂದಲೇ ಕೇಳೋಣ ಎಂದು ಮೈಕಿನಲ್ಲಿ ಹೇಳಿಬಿಟ್ಟರು.

ಕೂತೆ. ಕಾಲು ತಾನಾಗಿಯೇ ತುಳಿಯತೊಡಗಿತು. ಬೆರಳು ಮಾತ್ರ ಏಳಲಿಲ್ಲ...

ನನಗೆ ಪೇಟಿ ನುಡಿಸಲು ಬರುವುದಿಲ್ಲ.

ಹಿಂದೆ ಗೋಡೆ. ಮುಂದೆ ಜನ. ಕೊರಳಲ್ಲಿ ಹಾರ.

ಆಗ ಇಂದ್ರಾಬಾಯಿ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಇನ್ನೊಂದು ಕುರ್ಚಿ ತರಿಸಿ ನನ್ನ ಪಕ್ಕ ಕೂತರು.

"ನನ್ನ ಮೊಣಕಾಲು ಹೋಗ್ಯಾವು. ನಿನಗ ಬೆರಳು ಮೊದಲಿಂದ ಇಲ್ಲ. ಇಬ್ಬರೂ ಕೂಡಿ ಒಬ್ಬ ಮಾಸ್ತರ ಆಗೂಣು. ಗಾಳಿ ಹಾಕು."

ನಾನು ತುಳಿದೆ. ಅವರು ನುಡಿಸುತ್ತ ಹಾಡಿದರು. ಸೊರಗಿದ ದನಿ... ಆದರೆ ಒಂದೊಂದು ಸ್ವರವೂ ತನ್ನ ಮನೆ ಗೊತ್ತಿದ್ದ ಹಾಗೆ ಬಂದು ಕೂತಿತು.

ಹಿಂದಿನ ಸಾಲಿನಿಂದ ಮುದುಕರೊಬ್ಬರು ಕೂಗಿದರು... "ಒನ್ಸ್ ಮೋರ್."

ಕಂಪನಿ ನಾಟಕ ನೋಡಿದವರಿಗೆ ಇದು ಗೊತ್ತು. ಒನ್ಸ್ ಮೋರ್ ಬಿತ್ತೆಂದರೆ ಹಾಡು ಮೊದಲಿನಿಂದ ಆಗಲೇಬೇಕು. ಒಳಗೆ ಹೊತ್ತೊಯ್ದ ಹೆಣವೂ ಎದ್ದು ನಡೆದು ಬಂದು, ಮತ್ತೆ ಅದೇ ಜಾಗದಲ್ಲಿ ಮಲಗಬೇಕು.

ಇಂದ್ರಾಬಾಯಿ ಬೆರಳು ಒತ್ತಿದರು. ಸ್ವರ ಬರಲಿಲ್ಲ. ನಾನು ತುಳಿಯುವುದನ್ನು ನಿಲ್ಲಿಸಿದ್ದೆ.

"ಯಾಕೋ, ಗಾಳಿ ಮುಗೀತೇನು?"

"ಮುಗೀತ್ರಿ, ಅಕ್ಕಾರ."

ಮೈಕು ತೆಗೆದುಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ...

ನಾನು ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು. ಮಾಸ್ತರರ ಕಾಲಿಗೆ ಲಕ್ವ ಹೊಡೆದ ಮೇಲೆ ಅವರ ಪಕ್ಕ ಕೂತು ಪೇಟಿ ತುಳಿದವನು.

ಆ ಹಾಡು ಹುಟ್ಟಿದ ಮಧ್ಯಾಹ್ನ ಮಾಸ್ತರರು ಟ್ಯೂನ್ ಸಿಗದೆ ಒದ್ದಾಡುತ್ತಿದ್ದಾಗ, ರಾಣಿಯ ಸೀರೆಗೆ ಜರಿಯಂಚು ಹೊಲಿಯುತ್ತ ಅದನ್ನು ಗುನುಗಿದವರು ಇಂದ್ರಾಬಾಯಿ.

ಸಂಗೀತ ಎಂದು ಹೆಂಗಸಿನ ಹೆಸರು ಹಾಕಿದರೆ ಯಾರೂ ನಂಬುವುದಿಲ್ಲ ಎಂದು ಮಾಲೀಕರು ಮಾಸ್ತರರ ಹೆಸರನ್ನೇ ಬರೆಸಿದರು. ಅದು ಮಾಸ್ತರರನ್ನು ಕೊನೆತನಕ ಚುಚ್ಚಿತು. ಸಾಯುವ ಮುಂಚೆ ನನ್ನ ಕೈ ಹಿಡಿದಿದ್ದರು.

"ಯಾವತ್ತರ ಯಾರರ ಕೇಳಿದ್ರ, ಅಕೀ ಹೆಸರು ಹೇಳು. ನೀ ಅಲ್ಲೇ ಇದ್ದಿ."

ಒಬ್ಬರು ಬಂದು ಕೇಳಿದರು... ನಾನು ನನ್ನ ಹೆಸರು ಹೇಳಿದೆ.

ಕೆಳಗೆ ಡೈರೆಕ್ಟರ್ ತಲೆ ತಗ್ಗಿಸಿಕೊಂಡು ಮತ್ತೆ ಬರೆದುಕೊಳ್ಳುತ್ತಿದ್ದರು.

ನನ್ನ ಕೊರಳ ಹಾರ ತೆಗೆದು ಇಂದ್ರಾಬಾಯಿಯವರಿಗೆ ಹಾಕಲು ಹೋದೆ. ಅವರು ಕೈ ಅಡ್ಡ ಹಿಡಿದರು. ಕಣ್ಣು ತುಂಬಿದ್ದವು.

"ಹಾರ ಆಮ್ಯಾಲ. ಮಂದಿ ಒನ್ಸ್ ಮೋರ್ ಅಂದಾರ. ಮೊದಲ ತುಳಿ."

ತುಳಿದೆ...

*

ಇನ್ನೊಬ್ಬರ ಹಾಡಿಗೆ ಗಾಳಿ ಹಾಕುವುದು ಸಣ್ಣ ಕೆಲಸವಲ್ಲ... ಅದನ್ನು ನನ್ನದೇ ಹಾಡು ಎಂದು ಹೇಳಿಕೊಂಡಾಗ ಮನುಷ್ಯ ಸಣ್ಣವನಾಗುತ್ತಾನೆ.

ನಿಮಗೆ ಬಿದ್ದ ಚಪ್ಪಾಳೆಯಲ್ಲಿ ಯಾರ ಹೆಸರು ಹೇಳದೆ ಉಳಿದುಹೋಗಿದೆ? ಇವತ್ತೇ ಅವರಿಗೊಂದು ಫೋನ್ ಮಾಡುತ್ತೀರಾ?

ಅಂದಹಾಗೆ, ಟಾಕೀಸಿನಲ್ಲಿದ್ದದ್ದು ಇನ್ನೂರು ಜನ. ಮತ್ತೆ ಆ ರೈಲು...

ಸಿಗ್ನಲ್ ಬಿದ್ದಿರಲಿಲ್ಲ. ಅದಕ್ಕೇ ನಿಂತಿತ್ತು.