ಹಸಿರು ದೀಪ

“ಈಗ ಸದ್ದು ಬಂತಾ, ಅಡವಿಯಪ್ಪನೋರೇ?”

“ಬಂತು ಮೇಡಂ.”

ಸರ್ವಮಂಗಳ ಕೈಪಿಡಿಯ ಪುಟ ತಿರುವಿದಳು. ಸತ್ಯಮಂಗಲದ ಆ ಕಾರ್ಖಾನೆಯ ಸ್ಟೋರ್ಸಿಗೆ ಹೊರದೇಶದಿಂದ ಸ್ಕ್ಯಾನರ್ ಬಂದು ಎರಡು ದಿನವಾಗಿತ್ತು. ಎಂಬತ್ತೊಂಬತ್ತರಲ್ಲಿ ಅಂಥದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಡಬ್ಬದ ಮೇಲಿನ ಕಪ್ಪು ಗೆರೆಗಳಿಗೆ ಹಿಡಿದು ಗುಂಡಿ ಒತ್ತಿದರೆ ‘ಪೀಂ’ ಎಂದು ಸದ್ದಾಗಿ ನಂಬರು ತಾನಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಅದಕ್ಕೆ ಪಾಠ ಹೇಳುವುದೂ ಗೆರೆಗಳಿಂದಲೇ. ಕೈಪಿಡಿಯಲ್ಲಿ ಒಂದೊಂದು ಸೆಟ್ಟಿಂಗಿಗೂ ಒಂದೊಂದು ಗೆರೆಪಟ್ಟಿ, ಬೇಕಾದ್ದನ್ನು ಓದಿಸಿದರೆ ಅದು ಹಾಗೆ ನಡೆದುಕೊಳ್ಳುತ್ತಿತ್ತು. ಕಂಪ್ಯೂಟರ್ ವಿಭಾಗದ ಸರ್ವಮಂಗಳ ಬೆಳಗಿನಿಂದ ಒಂದೊಂದೇ ಓದಿಸುತ್ತಾ ಬಂದು, ಈಗ ಸದ್ದಿನ ಪುಟಕ್ಕೆ ತಲುಪಿದ್ದಳು.

ಅಡವಿಯಪ್ಪನಿಗೆ ಯಾವ ಸದ್ದೂ ಕೇಳಿರಲಿಲ್ಲ. ಸ್ಕ್ಯಾನರಿನ ಬೆನ್ನ ಮೇಲೆ ಹಸಿರು ದೀಪ ಮಿನುಗಿದಾಗಲೆಲ್ಲ ‘ಬಂತು’ ಎನ್ನುತ್ತಿದ್ದ. ಹದಿನಾರು ವರ್ಷ ಪ್ರೆಸ್ ಶಾಪಿನಲ್ಲಿ ತಗಡು ಬಡಿಯುವ ಯಂತ್ರದ ಪಕ್ಕ ನಿಂತವನು ಅವನು. ಮೊದಲು ಗುಬ್ಬಚ್ಚಿಗಳ ಸದ್ದು ಹೋಯಿತು, ಆಮೇಲೆ ಹೆಂಡತಿಯ ಬಳೆಗಳದ್ದು. ಮಾತು ಮಾತ್ರ ಎದುರಿಗಿದ್ದರೆ ಇನ್ನೂ ತಿಳಿಯುತ್ತಿತ್ತು. “ಆ ಗದ್ದಲದಲ್ಲಿ ಇನ್ನೊಂದು ವರ್ಷ ನಿಂತರೆ ಉಳಿದದ್ದೂ ಹೋಗುತ್ತೆ” ಎಂದು ಡಾಕ್ಟರು ಹೇಳಿದ ಮೇಲೆ, ಕಾರಣ ಹೇಳದೆ, ಕೈಕಾಲು ಹಿಡಿದು ಸ್ಟೋರ್ಸಿಗೆ ಬಂದಿದ್ದ. ಸ್ಕ್ಯಾನರ್ ಬಂದ ಮೇಲೆ ಸ್ಟೋರ್ಸಿಗೆ ಒಬ್ಬನೇ ಸಾಕು; ಇಲ್ಲಿದ್ದ ಇಬ್ಬರಲ್ಲಿ ಅದನ್ನು ಹಿಡಿಯುವವನು ಉಳಿಯುತ್ತಾನೆ, ಇನ್ನೊಬ್ಬ ಪ್ರೆಸ್ ಶಾಪಿಗೆ.

“ಸದ್ದು ಮೀಡಿಯಂ ಇಟ್ಟಿದೀನಿ. ಒಂದ್ ಹತ್ತು ಡಬ್ಬ ಓದ್ಸಿ ನೋಡೋಣ.”

ಅಡವಿಯಪ್ಪ ಓದಿಸುತ್ತಾ ಹೋದ. ಬಂತು. ಬಂತು. ಬಂತು. ಐದನೆಯದಕ್ಕೆ ತಲೆಯೆತ್ತಿದರೆ ಸರ್ವಮಂಗಳ ಡಬ್ಬ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು.

“ಅಡವಿಯಪ್ಪನೋರೇ, ನಾನು ತಪ್ಪಿ ಕೆಳಗಿನ ಪಟ್ಟಿ ಓದ್ಸಿಬಿಟ್ಟಿದೀನಿ. ಸದ್ದು ಪೂರ್ತಿ ಬಂದ್ ಆಗಿದೆ.”

ಅಡವಿಯಪ್ಪ ಸ್ಕ್ಯಾನರನ್ನು ಮೇಜಿನ ಮೇಲಿಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. “ಯಾರ್ಗೂ ಹೇಳ್ಬೇಡ ತಾಯಿ. ದೀಪ ನೋಡ್ಕಂಡೇ ಮಾಡ್ತೀನಿ, ಒಂದೂ ತಪ್ಪಾಗಕಿಲ್ಲ.”

“ಸದ್ದು ಬಂದ್ ಆಗೇ ಇರ್ಲಿ ಬಿಡಿ. ದೀಪ ಸಾಕು,” ಎಂದಳು ಅವಳು. ಅವನಿಗೆ ಅವಳ ಕಾಲು ಮುಟ್ಟಬೇಕೆನ್ನಿಸಿತು.

ಮಧ್ಯಾಹ್ನ ಮ್ಯಾನೇಜರ್ ಸದಾಶಿವಯ್ಯ ಬಂದರು. ತಾವೇ ಸ್ಕ್ಯಾನರ್ ತೆಗೆದುಕೊಂಡು ಒಂದು ಡಬ್ಬ ಓದಿಸಿದರು. “ಏನಮ್ಮ, ಸದ್ದೇ ಬರಲ್ಲ?”

ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಸರ್ವಮಂಗಳ ನಿಜ ಹೇಳಿದರೆ ಒಳ್ಳೆಯದಾಗುತ್ತದೆಂದು ನಂಬಿದಳು. “ಸರ್, ಪ್ರೆಸ್ ಶಾಪಲ್ಲಿದ್ದು ಇವ್ರ ಕಿವಿ ಹೋಗಿದೆ. ಅದಕ್ಕೇ ದೀಪದ ಸೆಟ್ಟಿಂಗ್ ಮಾಡಿದೀನಿ. ಇವ್ರನ್ನ ಇಲ್ಲೇ ಇಟ್ಕೊಂಡ್ರೆ…”

“ಕಿವಿ ಕೇಳಲ್ವಾ?” ಸದಾಶಿವಯ್ಯ ಅಡವಿಯಪ್ಪನತ್ತ ತಿರುಗಿದರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ. “ಮೊದ್ಲೇ ಹೇಳೋದಲ್ವೇನಯ್ಯ? ಇಲ್ಲಿ ಫೋನ್ ಎತ್ಬೇಕು, ಗೇಟಿನಿಂದ ಕೂಗಿದ್ರೆ ಕೇಳ್ಬೇಕು. ಸೋಮವಾರದಿಂದ ನಿನ್ನ ಹಳೇ ಜಾಗಕ್ಕೇ ಹೋಗು.”

“ಸಾರ್, ಅಲ್ಲಿಗೋದ್ರೆ ಉಳ್ದಿರೋದೂ ಹೊಂಟೋಯ್ತದೆ ಅಂದವ್ರೆ ಡಾಕ್ಟ್ರು…”

ಸದಾಶಿವಯ್ಯ ಅವನ ಹೆಗಲ ಮೇಲೆ ಕೈಯಿಟ್ಟು, ಮಗುವಿಗೆ ಸಮಾಧಾನ ಹೇಳುವವರಂತೆ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದರು:

“ಪೂರ್ತಿ ಹೋದ್ಮೇಲೆ ಅಲ್ಲಿಯ ಗದ್ದಲ ನಿನಗೇನೂ ತೊಂದರೆ ಕೊಡಲ್ಲ ಬಿಡಯ್ಯ.”