ಬೆಳ್ಳುಳ್ಳಿಯನ್ನು ಕರೆದದ್ದು

“ಜಗ್ಗದಂಗ ನಡದು ತೋರಿಸ್ತು, ಶಾಬಾಸ್! ಈಗ ಹಗ್ಗ ಬಿಚ್ಚಿ ಆ ಕಡೆ ಹೋಗಿ ನಿಂದರ್ರಿ ಕಾಕು. ಅಲ್ಲಿಂದ ಕರೀರಿ” ಎಂದಳು ನಾಯಿಗಳಿಗೆ ಪಾಠ ಹೇಳುವ ಶರ್ವರಿ.

ಗೋದಾಬಾಯಿ ತನ್ನ ನಾಯಿ ಬೆಳ್ಳುಳ್ಳಿಯ ಕೊರಳಿನ ಹಗ್ಗ ಬಿಚ್ಚಿ, ಮೈದಾನದ ಇನ್ನೊಂದು ತುದಿಗೆ ಹೋಗಿ ನಿಂತಳು. ಹಾಗೇ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ಮಾಣಿಕಪ್ಪ. ಗಂಡನ ಅಣ್ಣ, ಅದು ಸಾಲದೆಂಬಂತೆ ಮಲ್ಕಾಜ್‌ಗಿರಿಯ ಅವರ ಅಪಾರ್ಟ್‌ಮೆಂಟಿಗೆ ಸೆಕ್ರೆಟರಿ ಬೇರೆ. ಮದುವೆಯಾಗಿ ಬಂದಾಗಿನಿಂದ ಈ ಭಾವನ ಎದುರು ಅವಳ ಸೆರಗು ತಲೆಯಿಂದ ಜಾರಿದ್ದಿಲ್ಲ. ಅವಳು ಅವರೊಡನೆ ನೇರವಾಗಿ ಮಾತಾಡಿದ್ದೂ ಇಲ್ಲ.

ಪಾರ್ಕಿಂಗಿನಲ್ಲಿ ಎಷ್ಟು ಹಾರ್ನ್ ಹೊಡೆದರೂ ನಾಯಿ ಕದಲಲಿಲ್ಲವೆಂದು ಸ್ಕೂಟರಿನವನೊಬ್ಬ ದೂರಿದ್ದೇ ನೆಪ. “ಕಿವುಡ ನಾಯಿ ಯಾರಿಗೆ ಬೇಕಾಗೇತಿ?” ಎಂದು ಮಾಣಿಕಪ್ಪ ಪಟ್ಟು ಹಿಡಿದಿದ್ದರು. ಎಲ್ಲರೆದುರು ಕರೆದ ಕೂಡಲೇ ಬಂದರೆ ಮನೆಯಲ್ಲಿರಲಿ, ಬಾರದಿದ್ದರೆ ಅವತ್ತೇ ಶಂಶಾಬಾದಿನಾಚೆ ನಾಯಿ ಸಾಕುವವರ ಶೆಡ್ಡಿಗೆ. ಗಂಡ ಎಂದಿನಂತೆ ಅಣ್ಣನಿಗೆ ಹೂಂಗುಟ್ಟಿದ. ಕಿವುಡನನ್ನು ಕೂಗಿ ಕರೆಯಬೇಕಂತೆ! ಗೋದಾಬಾಯಿಗೆ ಮೈಯೆಲ್ಲ ಉರಿದುಹೋಗಿತ್ತು.

ಬೆಳ್ಳುಳ್ಳಿಗೆ ಇದಾವುದರ ಗೊಡವೆಯೂ ಇಲ್ಲ. ಹಗ್ಗ ಬಿಚ್ಚಿದ್ದೇ ತಡ, ಮಿರ್ಚಿ ಬಜ್ಜಿಯ ಕಾಗದವೊಂದನ್ನು ಮೂಸುತ್ತ ಬೆನ್ನು ತಿರುಗಿಸಿ ಹೊರಟಿತ್ತು. ಅವಳು ಕೈಯೆತ್ತಿದಳು. ಅದು ನೋಡಲಿಲ್ಲ.

“ಸಾಕು ಬಿಡವ್ವ ಶರ್ವರಿ, ಸುಮ್ನ ಹೊತ್ತು ಹಾಳು. ನಾ ಗಾಡಿಗೆ ಹೇಳೇ ಬಂದೀನಿ” ಎಂದರು ಮಾಣಿಕಪ್ಪ, ಮೊಬೈಲ್ ತೆಗೆಯುತ್ತ.

“ಒಂದೀಟು ತಡೀರಿ ಅಂಕಲ್” ಎಂದ ಶರ್ವರಿ ಓಡಿ ಬಂದು ಗೋದಾಬಾಯಿಯ ಕಿವಿಯಲ್ಲಿ ಪಿಸುಗುಟ್ಟಿದಳು. “ಕಾಕು, ದೂರಕ್ಕ ಕೈ ಕಾಣೂದಿಲ್ಲ. ಟೆರೇಸಿನ ಮ್ಯಾಲೆ ಮಾಡ್ತೀರಲ್ಲ, ಅದನ್ನ ಮಾಡ್ರಿ.”

“ಭಾವ ಕುಂತಾರಲ್ಲವ್ವ!”

ಟೆರೇಸಿನ ಮೇಲೆ ಬಟ್ಟೆ ಒಣಹಾಕುವಾಗ ಯಾವ ಗಂಡಸೂ ಇರುವುದಿಲ್ಲ. ಅಲ್ಲಿ ಸೆರಗು ಬೀಸಿದರೆ ಬೆಳ್ಳುಳ್ಳಿ ಎಲ್ಲಿದ್ದರೂ ಬಾಣದಂತೆ ಬರುತ್ತಿತ್ತು, ಕೈಯಲ್ಲಿದ್ದ ರೊಟ್ಟಿಯ ಚೂರು ತಿನ್ನುತ್ತಿತ್ತು. ಇಲ್ಲಿ ಇಡೀ ಅಪಾರ್ಟ್‌ಮೆಂಟೇ ನೆರೆದಿದೆ.

ಅಷ್ಟರಲ್ಲಿ ಬೆಳ್ಳುಳ್ಳಿ ತಲೆಯೆತ್ತಿ ಅತ್ತಿತ್ತ ಹುಡುಕಿತು. ತನ್ನವಳು ಎಲ್ಲಿ ಎಂದು ಆಗಾಗ ತಿರುಗಿ ನೋಡುವುದು ಅದರ ರೂಢಿ. ನೋಡಿ ಮತ್ತೆ ಕಾಗದಕ್ಕೆ ಬಾಯಿ ಹಾಕಿತೋ, ಮುಗಿಯಿತು.

ಗೋದಾಬಾಯಿ ತಲೆಯ ಮೇಲಿನ ಸೆರಗನ್ನು ಸರಕ್ಕನೆ ಎಳೆದಳು. ಅರ್ಧ ನೆರೆತ ಕೂದಲು ಬಿಸಿಲಿಗೆ ಬಿತ್ತು. ಇಳಕಲ್ ಸೀರೆಯ ಕೆಂಪು ಸೆರಗನ್ನು ಎತ್ತಿ ಹಿಡಿದು, ರೈಲಿನ ಗಾರ್ಡ್ ಬಾವುಟ ಬೀಸುವಂತೆ ಬೀಸಿದಳು. ನಾಚಿಕೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಬೀಸಿದಷ್ಟೂ ಖುಷಿಯಾಯಿತು.

ಬಿಳಿಯ ನಾಯಿ ಕಿವಿ ಹಿಂದಕ್ಕೆ ಮಾಡಿ, ಪಾಠಕ್ಕೆ ಬಂದು ಬೊಗಳುತ್ತಿದ್ದ ಬೇರೆ ನಾಯಿಗಳ ನಡುವೆಯೇ ಹಾದು, ಓಡೋಡಿ ಬಂದು ಅವಳ ಕಾಲಬಳಿ ಕೂತಿತು. ಶರ್ವರಿ ಚಪ್ಪಾಳೆ ತಟ್ಟಿದಳು.

ಮಾಣಿಕಪ್ಪ ಎದ್ದು ಬಂದರು. ಆ ಬರಿದಲೆಯನ್ನು ನೋಡಲಾರದೆ ನೆಲ ನೋಡುತ್ತ, ಶರ್ವರಿಗೆ ಹೇಳಿದರು: “ಇದು ನಡಿಯೂದಿಲ್ಲ. ಕರದ್ರ ಬರಬೇಕು ಅಂತ ಮಾತಾಗಿತ್ತು. ಇಕಿ ಕರದೇ ಇಲ್ಲ.”

ಗೋದಾಬಾಯಿ ಸೆರಗನ್ನು ತಲೆಯ ಮೇಲೆ ಹಾಕಿಕೊಳ್ಳಲಿಲ್ಲ. ಅದರ ತುದಿಯಿಂದ ನಾಯಿಯ ಜೊಲ್ಲು ಒರೆಸಿ, ಮೊದಲ ಸಲ ಭಾವನ ಮುಖವನ್ನೇ ನೋಡಿ ಹೇಳಿದಳು:

“ಕರದೆನ್ರಿ ಭಾವಾ. ನಿಮಗ ಕೇಳಿಸಲಿಲ್ಲ, ಅಷ್ಟ.”